ಊರು ಕಟ್ಟುವವರ ಊರುಗಳಲ್ಲಿ

ನಾರಾಯಣಪೇಟೆ ಎಂದೊಡನೆ ನಮ್ಮ ಮನೆಗಳ ತಾಯಂದಿರಿಗೆ ನೆನಪಾಗುವುದು ಸೀರೆ. ಗದ್ವಾಲ್ ಎಂದರೂ ಸೀರೆಯೇ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಮತ್ತು ಸೆರಗು ಜೋಡಿಸಿದ್ದು. ಇವೆರಡರ ನಡುವಿನ ಮಕ್ತಲ್‌ಗೆ ಮಾತ್ರ ಅಂಥ ಹೆಸರಿಲ್ಲ. ರಾಯಚೂರಿನಿಂದ ಹೈದರಾಬಾದಿಗೆ ಓಡಾಡುವವರಿಗೆ ಅದು ದಾರಿಯಲ್ಲಿ ಚಹಾ ಕುಡಿಯುವ ಊರು, ಅಷ್ಟೆ. ಈ ಮೂರೂ ಊರುಗಳಿಗೆ ನಾವು ಹೋದದ್ದು ಸೀರೆಗಾಗಿ ಅಲ್ಲ, ಅಲ್ಲಿ ಏಳುತ್ತಿರುವ ಹೊಸ ಕಟ್ಟಡಗಳನ್ನು ನೋಡಲು. ಕಟ್ಟಡ ನೋಡಲು ಯಾರಾದರೂ ಪ್ರವಾಸ ಹೋಗುತ್ತಾರೆಯೇ ಎಂದು ಓದುಗರು ಕೇಳಬಹುದು. ಕಾರಣವಿದೆ. ಈ ಸೀಮೆಯ ಜನ ತಲೆಮಾರುಗಳಿಂದ ಪರಸ್ಥಳಗಳಿಗೆ ಹೋಗಿ ಅಣೆಕಟ್ಟು, ರಸ್ತೆ, ಮನೆ ಕಟ್ಟಿಕೊಟ್ಟವರು. ಈಗ ಅವರ ಸ್ವಂತ ಊರಿನಲ್ಲೇ ಕಟ್ಟಡದ ಕೆಲಸ ನಡೆದಿದೆ. ಅದರಿಂದ ಅವರಿಗೆ ಏನು ಬಂತು ಎಂದು ತಿಳಿಯುವ ಆಸೆ ನಮ್ಮದು.

ರಾಯಚೂರು ಬಿಟ್ಟು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹೊಗೆಗೊಳವೆಗಳನ್ನು ದಾಟಿದರೆ ಕೃಷ್ಣಾ ಸೇತುವೆ. ಆಚೆ ದಡದಿಂದ ತೆಲಂಗಾಣ. ಭೀಮಾ ನದಿ ಬಂದು ಕೃಷ್ಣೆಯನ್ನು ಸೇರುವುದೂ ಇಲ್ಲಿಗೆ ಹತ್ತಿರದಲ್ಲೇ. ಸೇತುವೆ ದಾಟಿದ ಮೇಲೆ ಫಲಕಗಳ ಅಕ್ಷರ ಬದಲಾಗುತ್ತದೆ, ಮಾತು ಅಷ್ಟು ಬೇಗ ಬದಲಾಗುವುದಿಲ್ಲ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಶಾಲೆಗಳಿವೆ. ಅಂಗಡಿಯವನು ತೆಲುಗಿನಲ್ಲಿ ದರ ಹೇಳಿ ಕನ್ನಡದಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಾನೆ.

ಇದರ ಹಿಂದೆ ಒಂದು ಚರಿತ್ರೆಯಿದೆ. 1956ರವರೆಗೆ ಈ ನದಿಯ ಎರಡೂ ದಡಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಗೇ ಸೇರಿದ್ದವು. ಭಾಷಾವಾರು ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಆ ಎರಡು ತಾಲೂಕುಗಳು ಆಂಧ್ರ ಪ್ರದೇಶದ ಮಹಬೂಬನಗರ ಜಿಲ್ಲೆಗೆ ಹೋದವು. ನಾರಾಯಣಪೇಟೆ, ಮಕ್ತಲ್ ಕೂಡ ಅದೇ ಜಿಲ್ಲೆಯಲ್ಲೇ ಉಳಿದವು. ಅಲ್ಲಿಂದ ಮುಂದೆ ಸುಮಾರು 60 ವರ್ಷ ಇವೆಲ್ಲ ಒಂದು ದೊಡ್ಡ ಜಿಲ್ಲೆಯ ಅಂಚಿನ ಊರುಗಳು. ಅಂಚಿನ ಊರಿಗೆ ಕಚೇರಿ ಬರುವುದಿಲ್ಲ, ಕಚೇರಿ ಇಲ್ಲದಲ್ಲಿ ಕಾಲೇಜು, ಆಸ್ಪತ್ರೆ ನಿಧಾನ. ನಮ್ಮ ರಾಜ್ಯದ ಗಡಿ ತಾಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಹಬೂಬನಗರದ ಹಳೆಯ ಹೆಸರು ಪಾಲಮೂರು. ‘ಪಾಲಮೂರು ಕೂಲಿ’ ಎಂಬುದು ಕಟ್ಟಡ ಗುತ್ತಿಗೆದಾರರ ಬಾಯಲ್ಲಿ ಒಂದು ಸರಕಿನ ಹೆಸರಿನಂತೆ ಬಳಕೆಯಲ್ಲಿತ್ತು. ನಾಗಾರ್ಜುನಸಾಗರದಂಥ ಅಣೆಕಟ್ಟುಗಳಲ್ಲಿ ಮಣ್ಣು ಹೊತ್ತವರು ಇವರು. ಹೈದರಾಬಾದಿನ ಬಹುಮಹಡಿಗಳಲ್ಲಿ, ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ದುಡಿದವರೂ ಇವರೇ. ಪದ್ಧತಿ ಹೀಗೆ: ಮಳೆ ಕೈಕೊಟ್ಟ ವರ್ಷ, ಮನೆಯಲ್ಲಿ ಜೋಳ ಮುಗಿದ ಹೊತ್ತಿಗೆ ಸರಿಯಾಗಿ ಊರಿನ ಮೇಸ್ತ್ರಿ ಮುಂಗಡ ಕೊಡುತ್ತಾನೆ. ಮುಂಗಡ ಪಡೆದ ಗಂಡ ಹೆಂಡತಿ ತಿಂಗಳುಗಟ್ಟಲೆ ಅವನು ಹೇಳಿದಲ್ಲಿಗೆ ಹೋಗಿ ದುಡಿಯಬೇಕು. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಅಜ್ಜಿ ಇಲ್ಲದಿದ್ದರೆ ಮರಳು ರಾಶಿಯ ಪಕ್ಕದಲ್ಲಿ ಬೆಳೆಯುತ್ತಾರೆ. ಪತ್ರಕರ್ತ ಪಿ. ಸಾಯಿನಾಥ್ ಅವರು 2003ರಲ್ಲಿ ಮಹಬೂಬನಗರದಿಂದ ಮುಂಬಯಿಗೆ ಹೋಗುವ ಬಸ್ಸಿನ ಬಗ್ಗೆ ಬರೆದಿದ್ದರು. ಮೊದಲು ವಾರಕ್ಕೊಂದು ಇದ್ದ ಆ ಬಸ್ಸು ಹತ್ತು ವರ್ಷಗಳಲ್ಲಿ ವಾರಕ್ಕೆ ಮೂವತ್ತಕ್ಕೂ ಹೆಚ್ಚಾಗಿತ್ತು. ಊರು ಬೆಳೆದದ್ದಕ್ಕಲ್ಲ, ಊರಲ್ಲಿ ಬದುಕಲು ಆಗದ್ದಕ್ಕೆ.

ವಿಚಿತ್ರವೆಂದರೆ ಕೃಷ್ಣಾ, ಭೀಮಾ, ತುಂಗಭದ್ರಾ ಮೂರೂ ನದಿಗಳು ಈ ಸೀಮೆಯನ್ನು ಸುತ್ತಿ ಹರಿಯುತ್ತವೆ. ನೀರು ಕೆಳಗೆ, ಹೊಲ ಮೇಲೆ. ಅದನ್ನು ಎತ್ತಿ ಹರಿಸುವ ಭೀಮಾ ಏತ ನೀರಾವರಿಯ ಸಂಗಂಬಂಡ ಮತ್ತು ಭೂತ್ಪುರ ಜಲಾಶಯಗಳು ಮಕ್ತಲ್‌ನ ಆಸುಪಾಸಿನಲ್ಲಿವೆ. 2024ರ ಫೆಬ್ರವರಿಯಲ್ಲಿ ನಾರಾಯಣಪೇಟೆ–ಕೊಡಂಗಲ್ ಏತ ನೀರಾವರಿಗೆ ಶಂಕುಸ್ಥಾಪನೆ ಆಯಿತು, ಅಂದಾಜು 2,945 ಕೋಟಿ ರೂಪಾಯಿ. ಮಕ್ತಲ್‌ನ ಚಹಾದಂಗಡಿಯಲ್ಲಿ ಈಗ ಮಾತೆಲ್ಲ ಇದರದೇ. ಯಾರ ಹೊಲಕ್ಕೆ ನೀರು, ಯಾರ ಹೊಲದ ಮೇಲೆ ಕಾಲುವೆ, ಎಕರೆಗೆ ಪರಿಹಾರ ಎಷ್ಟು. ಸೂರತ್–ಚೆನ್ನೈ ಹೆದ್ದಾರಿಯೂ ಈ ಸೀಮೆಯನ್ನು ಹಾದುಹೋಗುವುದರಿಂದ ಭೂಮಿಯ ದರ ಏರಿದೆ. ರೈಲೂ ಬಂದಿದೆ. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬನಗರ ಮಾರ್ಗದ ಜಕ್ಲೇರ್–ಕೃಷ್ಣಾ ಭಾಗ, ಬರೀ 37 ಕಿಲೋಮೀಟರ್, 2023ರ ಅಕ್ಟೋಬರ್ 1ರಂದು ಉದ್ಘಾಟನೆ ಆಯಿತು. ಕಾಲು ಶತಮಾನ! ಅದೇ ದಿನ ಕಾಚಿಗುಡ–ರಾಯಚೂರು ರೈಲಿಗೂ ಹಸಿರು ನಿಶಾನೆ ಸಿಕ್ಕಿತು.

ಮಕ್ತಲ್‌ನಿಂದ ನಾರಾಯಣಪೇಟೆಯ ದಾರಿಯಲ್ಲಿ ತೊಗರಿ ಹೊಲಗಳ ನಡುವೆ ಅಲ್ಲಲ್ಲಿ ಬಣ್ಣದ ಕಮಾನುಗಳು ಕಾಣುತ್ತವೆ. ಒಳಗೆ ಇಣುಕಿದರೆ ಮನೆಯಿಲ್ಲ, ಬಣ್ಣ ಬಳಿದ ಗಡಿ ಕಲ್ಲುಗಳು ಮಾತ್ರ. ನಾವು ಲೇಔಟ್ ಎನ್ನುವುದನ್ನು ಅಲ್ಲಿ ‘ವೆಂಚರ್’ ಎನ್ನುತ್ತಾರೆ, ಅಳತೆ ಚದರ ಅಡಿಯಲ್ಲಲ್ಲ, ಗಜದಲ್ಲಿ. ಇಲ್ಲಿ ಯಾರು ಬಂದು ವಾಸ ಮಾಡುತ್ತಾರೆ ಎಂದು ಕಾವಲುಗಾರನನ್ನು ಕೇಳಿದೆವು. “ವಾಸ ಯಾರ್ ಮಾಡ್ತಾರ್ರೀ, ರೇಟು ಬಂದ್ ಮ್ಯಾಲ ಮಾರ್ತಾರ” ಎಂದ. ಪಟ್ಟಣ ಬೆಳೆಯುವುದಕ್ಕೆ ಮೊದಲೇ ಅದರ ಬೆಲೆ ಬೆಳೆದುಬಿಟ್ಟಿದೆ.

ನಾರಾಯಣಪೇಟೆ ಹಳೆಯ ಊರು. ಮರಾಠಿ, ಕನ್ನಡ, ತೆಲುಗು, ಉರ್ದು ಒಂದೇ ಓಣಿಯಲ್ಲಿ ಕೇಳಿಸುತ್ತವೆ. 2011ರ ಜನಗಣತಿಯಲ್ಲಿ ಸುಮಾರು 42 ಸಾವಿರ ಜನರಿದ್ದ ಪಟ್ಟಣ. 2019ರ ಫೆಬ್ರವರಿ 17ರಂದು ಇದು ಜಿಲ್ಲಾ ಕೇಂದ್ರವಾಯಿತು. ಅಂದಿನಿಂದ ಬೆಳವಣಿಗೆಯ ವೇಗವೇ ಬೇರೆ. 2024ರಲ್ಲಿ 50 ಸೀಟುಗಳ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಅನುಮತಿ ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಮಹಿಳಾ ಸ್ವಸಹಾಯ ಸಂಘದವರೇ ನಡೆಸುವ ಪೆಟ್ರೋಲ್ ಬಂಕ್ ಶುರುವಾಯಿತು. ನಮ್ಮ ಧರ್ಮಕೇಂದ್ರಗಳ ಸ್ತ್ರೀ ಸಂಘಗಳವರು ಒಮ್ಮೆ ಹೋಗಿ ನೋಡಿ ಬರಲಿ ಎನ್ನಿಸಿತು. ಉಪ್ಪಿನಕಾಯಿ, ಹಪ್ಪಳದ ಆಚೆಗೂ ದಾರಿಯಿದೆ.

ಆದರೆ ನಮ್ಮನ್ನು ನಿಲ್ಲಿಸಿದ್ದು ಹಳೇ ಪೇಟೆಯ ಒಂದು ಓಣಿ. ಅಲ್ಲಿ ಒಬ್ಬ ತಾಯಿ ನೇಯುತ್ತಿದ್ದರು. ಕುಣಿ ಮಗ್ಗ, ನೆಲ ಅಗೆದು, ಕುಣಿಯಲ್ಲಿ ಕಾಲಿಳಿಬಿಟ್ಟು ತುಳಿಯಬೇಕು. ಊರು ಜಿಲ್ಲೆಯಾದ ಮೇಲೆ ನೌಕರರು ಬಂದರು, ಬಾಡಿಗೆ ಏರಿತು. ಮಾಲೀಕರು ಈ ಹಳೆಯ ಮನೆಯನ್ನು ಕೆಡವಿ ಮೂರು ಅಂತಸ್ತು ಕಟ್ಟಿಸುವವರಿದ್ದಾರೆ. ಬೇರೆ ಮನೆ ಸಿಗುವುದಿಲ್ಲವೇ ಎಂದರೆ, ಸಿಗುತ್ತದೆ. “ಮನಿ ಸಿಗತಾವರೀ ಅಯ್ಯಾ. ಆದ್ರ ಟೈಲ್ಸ್ ಹಾಕಿದ ನೆಲ ಅಗಿಯಾಕ ಯಾರ್ ಬಿಡ್ತಾರ?” ಎಂದರು. ನಮಗೆ ಉತ್ತರ ತೋಚಲಿಲ್ಲ. ನಾರಾಯಣಪೇಟೆಯ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅಂದರೆ ಆ ಹೆಸರನ್ನು ಬೇರೆ ಊರಿನವರು ಬಳಸುವಂತಿಲ್ಲ. ಹೆಸರಿಗೆ ರಕ್ಷಣೆ ಸಿಕ್ಕಿತು, ಕುಣಿಗೆ ಸಿಗಲಿಲ್ಲ. ಜಿಲ್ಲಾಧಿಕಾರಿಗಳ ಕಚೇರಿಗೆ ಎಕರೆಗಟ್ಟಲೆ ಜಾಗ ಹುಡುಕುವವರು ನಾಲ್ಕು ಓಣಿ ನೇಕಾರರಿಗೆ ಮಣ್ಣಿನ ನೆಲದ ಮನೆಗಳ ಒಂದು ಸಾಲನ್ನು ಯೋಚಿಸಬಾರದೇ? ಇದು ದೊಡ್ಡ ಖರ್ಚಿನ ಮಾತಲ್ಲ.

ಅದೇ ಓಣಿಯ ತುದಿಯಲ್ಲಿ ಸ್ಲ್ಯಾಬಿಗೆ ಸರಳು ಕಟ್ಟುತ್ತಿದ್ದವರನ್ನು ಮಾತನಾಡಿಸಿದೆವು. ಅವರು ಬಿಹಾರದ ಹುಡುಗರು. ಊರಿನ ಗೌಂಡಿಗಳು ಎಲ್ಲಿ ಎಂದರೆ ಗುತ್ತಿಗೆದಾರ ನಕ್ಕು, “ನಮ್ಮವರು ಪುಣೆಯಲ್ಲಿದ್ದಾರೆ” ಎಂದ. ಮುಂಗಡದ ಲೆಕ್ಕ ಅಲ್ಲಿಯೇ ಇದೆ, ಕೂಲಿಯೂ ಅಲ್ಲಿಯೇ ಹೆಚ್ಚು, ಇಲ್ಲಿಯ ಕೆಲಸ ಇವತ್ತು ಇದ್ದರೆ ನಾಳೆ ಇಲ್ಲ. ಸಾಲ ಮಾಡಿ ಹೊರಟವನಿಗೆ ಸ್ವಂತ ಊರಿನ ಕೆಲಸ ಕಣ್ಣಿಗೆ ಕಂಡರೂ ಕೈಗೆ ಬರುವುದಿಲ್ಲ.

ಗದ್ವಾಲ್‌ನ ಕಥೆ ಸ್ವಲ್ಪ ಬೇರೆ. ಸೋಮನಾದ್ರಿ ಎಂಬ ಅರಸ ಕಟ್ಟಿಸಿದ ಕೋಟೆಯ ಸುತ್ತ ಬೆಳೆದ ಸಂಸ್ಥಾನದ ಊರು. ಕೋಟೆಯೊಳಗೆ ಚೆನ್ನಕೇಶವ ದೇವಾಲಯವೂ ಇದೆ, ಕಾಲೇಜೂ ನಡೆದಿದೆ. ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ನೆಲವನ್ನು ಅಲ್ಲಿಯವರು ‘ನಡಿಗಡ್ಡ’ ಎನ್ನುತ್ತಾರೆ. ನಮ್ಮ ರಾಯಚೂರು ದೋಆಬಿನ ಮುಂದುವರಿಕೆ. 1981ರಲ್ಲಿ ಅಡಿಗಲ್ಲು ಬಿದ್ದ ಜುರಾಲಾ ಅಣೆಕಟ್ಟು ತೊಂಬತ್ತರ ದಶಕದ ನಡುವಿನಲ್ಲಿ ಮುಗಿದು ಸುಮಾರು ಒಂದು ಲಕ್ಷ ಎಕರೆಗೆ ನೀರು ಕೊಟ್ಟಿತು. ಅಲ್ಲಿ 39 ಮೆಗಾವ್ಯಾಟಿನ ಆರು ವಿದ್ಯುತ್ ಯಂತ್ರಗಳೂ ಇವೆ. ನಮ್ಮ ನಾರಾಯಣಪುರದಿಂದ ಬಿಟ್ಟ ಕೃಷ್ಣೆಯ ನೀರು ತೆಲಂಗಾಣದಲ್ಲಿ ಮೊದಲು ನಿಲ್ಲುವುದು ಇಲ್ಲಿ. ನೀರು ಬಂದಲ್ಲಿ ಹತ್ತಿ ಬೀಜೋತ್ಪಾದನೆ ಬಂತು, ಬೀಜದ ದುಡ್ಡಿನಿಂದ ಮನೆಗಳು ಎದ್ದವು. 2013ರಲ್ಲಿ ರಾಯಚೂರಿಗೆ ರೈಲು, 2016ರ ಅಕ್ಟೋಬರ್‌ನಲ್ಲಿ ಜೋಗುಳಾಂಬ ಗದ್ವಾಲ್ ಎಂಬ ಹೊಸ ಜಿಲ್ಲೆ, 2023ರ ಜೂನ್‌ನಲ್ಲಿ ಜಿಲ್ಲಾಧಿಕಾರಿಗಳ ಹೊಸ ಕಚೇರಿ ಸಂಕೀರ್ಣ, 2024ರಲ್ಲಿ ಇಲ್ಲಿಗೂ ವೈದ್ಯಕೀಯ ಕಾಲೇಜಿಗೆ ಅನುಮತಿ. ಕೆಲವು ಹಳ್ಳಿಗಳಲ್ಲಿ ಮೇಸ್ತ್ರಿ ಮುಂಗಡ ಹಿಡಿದು ಬಂದರೂ ಜನ ಸಿಗುವುದಿಲ್ಲವೆಂದು ಹೋಟೆಲಿನಲ್ಲಿ ಒಬ್ಬರು ಹೆಮ್ಮೆಯಿಂದ ಹೇಳಿದರು. ನಾವು ಕಂಡ ಮಟ್ಟಿಗೆ, ಜನರನ್ನು ಊರಲ್ಲಿ ಉಳಿಸಿದ್ದು ಕಚೇರಿಗಳ ಕಟ್ಟಡಕ್ಕಿಂತ ಕಾಲುವೆಯ ನೀರು. ಕಚೇರಿ ಬಂದ ಮೇಲೆ ಬಾಡಿಗೆ ಏರುತ್ತದೆ, ನೀರು ಬಂದ ಮೇಲೆ ಮನೆಯಲ್ಲಿ ಜೋಳ ಉಳಿಯುತ್ತದೆ.

ಎಲ್ಲ ಹಳ್ಳಿಗೂ ನೀರು ಬಂದಿಲ್ಲ. ಹೈದರಾಬಾದ್–ಕರ್ನೂಲು ರೈಲು ಮಾರ್ಗ ಗದ್ವಾಲ್ ಮೇಲೆಯೇ ಹೋಗುವುದರಿಂದ ಬೆಂಗಳೂರಿನ ರೈಲೂ ಇಲ್ಲಿ ನಿಲ್ಲುತ್ತದೆ. ನಾವು ರಾಯಚೂರಿನ ಗಾಡಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಹತ್ತು ಹನ್ನೆರಡು ಮಂದಿ ಬೆಂಗಳೂರಿನ ಗಾಡಿಗೆ ಕಾಯುತ್ತಿದ್ದರು. ಗೋಣಿಚೀಲದಲ್ಲಿ ಪಾತ್ರೆ, ಹಿಟ್ಟು, ಕರಣೆ, ಮಟ್ಟಗೋಲು. ಒಬ್ಬಾಕೆಯ ಮಡಿಲಲ್ಲಿ ಮಗು ಮಲಗಿತ್ತು. ಬೆಂಗಳೂರಿನಲ್ಲಿ ಯಾವ ಕಡೆ ಕೆಲಸ ಎಂದು ಕೇಳಿದೆವು. ಬಡಾವಣೆಯ ಹೆಸರು ಆಕೆಗೆ ಗೊತ್ತಿರಲಿಲ್ಲ. “ಹನ್ನೆರಡ್ ಅಂತಸ್ತಿಂದು ಅಂದಾರ್ರೀ. ಸ್ಟೇಷನ್‌ಗೆ ಮೇಸ್ತ್ರಿ ಬರ್ತಾನ” ಎಂದಳು. ಊರಿಗೆ ಮತ್ತೆ ಯಾವಾಗ ಎಂದದ್ದಕ್ಕೆ ಗಂಡನ ಮುಖ ನೋಡಿದಳು. ಅವನು ಬೆರಳು ಮಡಚಿ ಎಣಿಸಿ, “ಎಂಟ್ ತಿಂಗಳಾಗ್ತದ್ರೀ, ಮುಂಗಡ ತೀರಬೇಕಲ್ಲ” ಎಂದ.