ಪೀಸ್ ಸ್ಟೇಷನ್ ಬರೋಡಾ

ಗುಜರಾತಿಗೆ ಬಂದ ಕನ್ನಡಿಗರು ಯಾರು ಯಾರು ಎಂದು ಲೆಕ್ಕ ಹಾಕಲು ಕೂತರೆ ನಾವು ಸಾಮಾನ್ಯವಾಗಿ ಹೋಟೆಲಿನವರಿಂದ ಶುರು ಮಾಡುತ್ತೇವೆ. ಆಮೇಲೆ ಬ್ಯಾಂಕಿನವರು, ವಡೋದರದ ಒಎನ್‌ಜಿಸಿ, ಐಪಿಸಿಎಲ್‌ನವರು, ಅಹಮದಾಬಾದಿನ ಇಸ್ರೋ ಕೇಂದ್ರದವರು, ಈಚೆಗೆ ಸಾಫ್ಟ್‌ವೇರಿನವರು. ಈ ಪಟ್ಟಿಯಲ್ಲಿ ಒಂದು ಗುಂಪು ಯಾವಾಗಲೂ ಬಿಟ್ಟುಹೋಗುತ್ತದೆ. ಅವರು ಕಬ್ಬಿಣದ ಕರಿ ಟ್ರಂಕು ಹೊತ್ತು ಬಂದರು, ಎರಡು-ಮೂರು ವರ್ಷ ಇದ್ದರು, ಮುಂದಿನ ಊರಿಗೆ ಹೋದರು. ರಾಜ್ಯೋತ್ಸವದ ಫೋಟೋಗಳಲ್ಲಿ ಅವರಿಲ್ಲ, ಸಂಘದ ರಿಜಿಸ್ಟರಿನಲ್ಲೂ ಇಲ್ಲ. ಅವರು ನಮ್ಮ ಸೈನಿಕರು.

ಅವರಲ್ಲಿ ಕೆಲವರು ನಿವೃತ್ತಿಯ ನಂತರ ಇಲ್ಲೇ ಉಳಿದಿದ್ದಾರೆ. ಕಳೆದ ಚಳಿಗಾಲದಲ್ಲಿ ವಡೋದರ ಮತ್ತು ಅಹಮದಾಬಾದಿನ ಅಂಥ ಮೂರು ಮನೆಗಳಿಗೆ ಹೋಗಿ ಕೂತಿದ್ದೆ. ಯಾವ ಮನೆಯಲ್ಲೂ ಮಾತು ಗುಂಡು, ಬಂದೂಕಿನಿಂದ ಶುರುವಾಗಲಿಲ್ಲ. ರೊಟ್ಟಿಯಿಂದ, ಸೈಕಲ್ಲಿನಿಂದ, ಕಾಗದದ ವಿಳಾಸದಿಂದ ಶುರುವಾಯಿತು.

ಮೊದಲು ಜಾಗದ ಪರಿಚಯ ಹೇಳುತ್ತೇನೆ. ವಡೋದರದ ಫತೇಗಂಜ್ ದಾಟಿ ಮುಂದೆ ಹೋದರೆ ರಸ್ತೆಯ ಸ್ವಭಾವವೇ ಬದಲಾಗುತ್ತದೆ. ಹಾರ್ನ್ ಕಡಿಮೆಯಾಗುತ್ತದೆ. ಮರಗಳ ಬುಡಕ್ಕೆ ಕೆಮ್ಮಣ್ಣು, ಸುಣ್ಣದ ಪಟ್ಟಿ ಕಾಣಿಸುತ್ತದೆ. ಇದು ಇ.ಎಂ.ಇ. ಶಾಲೆಯ ಆವರಣ. ಇ.ಎಂ.ಇ. ಅಂದರೆ ಎಲೆಕ್ಟ್ರಾನಿಕ್ಸ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್, ಸೇನೆಯಲ್ಲಿ ಜೀಪಿನಿಂದ ರಾಡಾರಿನವರೆಗೆ ಕೆಟ್ಟಿದ್ದನ್ನು ಸರಿಮಾಡುವ ದಳ. 1943ರಲ್ಲಿ ಹುಟ್ಟಿದ್ದು. ಅದರ ಧ್ಯೇಯವಾಕ್ಯ ‘ಕರ್ಮ್ ಹಿ ಧರ್ಮ್’. ಬಸವಣ್ಣನವರ ನಾಡಿನಿಂದ ಬಂದ ಹುಡುಗರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಮೊದಲು ಹೋದದ್ದು ಇಲ್ಲಿ ರೇಡಿಯೋ ಮೆಕ್ಯಾನಿಕ್ ಆಗಿದ್ದ ಹವಾಲ್ದಾರ್ ಕಾಕಾ ಅವರ ಮನೆಗೆ. ಧಾರವಾಡ ಜಿಲ್ಲೆಯವರು, 1968ರಲ್ಲಿ ಹದಿನೆಂಟನೆಯ ವಯಸ್ಸಿಗೆ ಭರ್ತಿಯಾದವರು. 1971ರ ಯುದ್ಧದಲ್ಲಿ ಬಾರ್ಮೇರ್ ಕಡೆಯ ಮರಳಿನಲ್ಲಿದ್ದರು. 1974ರಲ್ಲಿ ಇಲ್ಲಿಗೆ ಪೋಸ್ಟಿಂಗ್ ಆಯಿತು. ಬರೋಡಾ ಅಧಿಕೃತವಾಗಿ ವಡೋದರ ಆದದ್ದೂ ಅದೇ ವರ್ಷ. ಕಾಕಾ ಮಾತ್ರ ಇಂದಿಗೂ ಬರೋಡಾ ಅಂತಲೇ ಅನ್ನುತ್ತಾರೆ.

ಹುಬ್ಬಳ್ಳಿಯಿಂದ ಬರುವುದೇ ಒಂದು ದೊಡ್ಡ ಪ್ರಯಾಣ. ಮೀರಜ್‌ವರೆಗೆ ಮೀಟರ್ ಗೇಜ್ ಗಾಡಿ. ಅಲ್ಲಿಂದ ಮುಂದಿನ ಬ್ರಾಡ್ ಗೇಜ್ ಹಳಿ ಆಗಷ್ಟೇ, 1971ರಲ್ಲಿ, ಆಗಿತ್ತು. ಪುಣೆ ದಾಟಿ ಬಾಂಬೆ ವಿ.ಟಿ.ಯಲ್ಲಿ ಇಳಿದು, ಟ್ರಂಕು, ಬಿಸ್ತರಾ ಹೊತ್ತು ಬಾಂಬೆ ಸೆಂಟ್ರಲ್‌ಗೆ ಹೋಗಿ, ರಾತ್ರಿ ಗುಜರಾತ್ ಮೇಲ್ ಹಿಡಿಯಬೇಕು. ಕೈಯಲ್ಲಿ ರೈಲ್ವೆ ವಾರಂಟು, ಬುತ್ತಿಯಲ್ಲಿ ಕಟಿ ರೊಟ್ಟಿ, ಶೇಂಗಾ ಚಟ್ನಿ.

“ಆ ಪೋಸ್ಟಿಂಗ್ ಆರ್ಡರ್ ಬಂದಾಗ ನಾ ಎರಡ್ ಸಲ ಓದಿದ್ಯಾ,” ಎಂದರು ಕಾಕಾ. “ಅದರಾಗ ಊರಿನ ಹೆಸರಿತ್ತು.”

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಸೈನಿಕನ ಲೆಕ್ಕದಲ್ಲಿ ದೇಶದಲ್ಲಿರುವುದು ಎರಡೇ ಬಗೆಯ ಊರು. ಒಂದು ಫೀಲ್ಡ್, ಇನ್ನೊಂದು ಪೀಸ್. ಫೀಲ್ಡ್ ಅಂದರೆ ಗಡಿ, ಹಿಮ, ಮರಳು. ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಕಾಗದದ ಮೇಲೆ ಊರಿನ ಹೆಸರೂ ಇರುವುದಿಲ್ಲ, ‘56 ಎಪಿಒ’ ಎಂಬ ಸೇನಾ ಅಂಚೆಯ ಸಂಖ್ಯೆ ಮಾತ್ರ. “ನಮ್ಮವ್ವ ಐವತ್ತಾರು ಎಪಿಒ ಅಂದ್ರ ಒಂದ್ ಊರು ಅಂತ ತಿಳಕೊಂಡಿದ್ಲು. ಅಲ್ಲಿಗೆ ಬಸ್ಸಿನ್ಯಾಗ ಹೋಗಾಕ ಬರ್ತೈತೇನು ಅಂತ ಪೋಸ್ಟ್‌ಮನ್‌ಗ ಕೇಳಿದ್ಲಂತ.” ಪೀಸ್ ಸ್ಟೇಷನ್ ಅಂದರೆ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಹುದಾದ ಊರು. ಅಲ್ಲಿ ಕ್ವಾರ್ಟರ್ಸ್ ಸಿಕ್ಕರೆ ಸಂಸಾರ ಮಾಡಬಹುದು.

ಇಲ್ಲಿಂದ ಮಾತು ಒಳಗಿನಿಂದ ಚಹಾ ತಂದ ಕಾಕೂ ಕೈಗೆ ಹೋಯಿತು.

“ಮದಿವಿ ಆಗಿ ಐದ್ ವರ್ಷಕ್ಕ ನಾವಿಬ್ಬರೂ ಒಂದ ಮನಿಯಾಗ ಇದ್ದಿದ್ದು ಈ ಬರೋಡಾದಾಗ. ಅಲ್ಲೀಮಟ ಇವರು ವರ್ಷಕ್ಕ ಎರಡ್ ತಿಂಗಳು ರಜಾದಾಗ ಬಂದು ಹೋಗೋ ಬೀಗರಂಗ ಇದ್ರು.”

ಅತ್ತೆ ಮನೆಯಲ್ಲಿ ಹನ್ನೊಂದು ಜನರ ಅಡುಗೆ ಮಾಡುತ್ತಿದ್ದ ಹೆಣ್ಣುಮಗಳಿಗೆ ಇಲ್ಲಿ ಸಿಕ್ಕಿದ್ದು ಎರಡು ಕೋಣೆ, ಒಂದು ಅಡುಗೆಮನೆ, ಒಂದು ನಲ್ಲಿ. ಪಕ್ಕದಲ್ಲಿ ಗಢವಾಲಿ ಸಂಸಾರ, ಆ ಕಡೆ ತಮಿಳರು, ಮೇಲೆ ಪಂಜಾಬಿಗಳು. ಯಾರಿಗೂ ಇನ್ನೊಬ್ಬರ ಭಾಷೆ ಬಾರದು. ಎಲ್ಲರೂ ಸೇರಿ ಹರಕು ಮುರುಕು ಹಿಂದಿ ಕಲಿತರು. ಗಂಡಸರು ಡ್ಯೂಟಿಗೆ ಹೋದ ಮೇಲೆ ಪಂಜಾಬಿ ಹೆಂಗಸು ಕಾಕೂಗೆ ಪರೇಡ್ ಮೈದಾನದ ಅಂಚಿನಲ್ಲಿ ಸೈಕಲ್ ಹೊಡೆಯುವುದನ್ನು ಕಲಿಸಿದಳು. “ಊರಾಗ ಆಗಿದ್ರ ಜನ ಕೇಕೆ ಹಾಕ್ತಿದ್ರು. ಇಲ್ಲಿ ಯಾರ್ ನೋಡ್ತಾರ?”

ಜೋಳಕ್ಕೆ ಮಾತ್ರ ಕಷ್ಟವಾಗಲಿಲ್ಲ. ಗುಜರಾತಿನಲ್ಲಿ ಜೋಳ, ಸಜ್ಜೆ ಎರಡೂ ಉಂಟು. ನಮ್ಮ ರೊಟ್ಟಿ ಇಲ್ಲಿ ದಪ್ಪಗಾಗಿ ‘ರೋಟ್ಲೋ’ ಆಗಿದೆ. ಚಳಿಗಾಲದಲ್ಲಿ ಸೂರತ್ ಕಡೆಯಿಂದ ‘ಪೋಂಕ್’ ಬರುತ್ತದೆ. ಅದು ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ಬಿಡಿಸಿದ ಹಸಿರು ಕಾಳು. ಸೂರತ್ತಿನವರು ಅದನ್ನು ಸೇವಿನ ಜೊತೆ ತಿನ್ನುತ್ತಾರೆ. ಧಾರವಾಡ, ವಿಜಯಪುರದವರಿಗೆ ಹೇಳಬೇಕಿಲ್ಲ, ಅದು ನಮ್ಮ ಸೀತನಿಯೇ. ಮೊದಲ ಸಲ ಮಾರುಕಟ್ಟೆಯಲ್ಲಿ ಅದನ್ನು ಕಂಡಾಗ ಕಾಕಾ ನಿಂತಲ್ಲೇ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡರಂತೆ. ಮಾರುವವನು ಬೈಯಲಿಲ್ಲ. ಫೌಜಿ ಅಂತ ಗೊತ್ತಾಗಿ ಇನ್ನೊಂದು ಮುಷ್ಟಿ ಕೊಟ್ಟನಂತೆ.

ಇಂಥ ನೆನಪು ನಮ್ಮವರಿಗಷ್ಟೇ ಸೀಮಿತವಲ್ಲ. ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಅಮೆರಿಕದ ಸೇನಾ ನೆಲೆಗಳು ಬೀಡುಬಿಟ್ಟವು. ಲಕ್ಷಾಂತರ ಅಮೆರಿಕನ್ ಹುಡುಗರು ಅಲ್ಲಿ ಶೀತಲ ಸಮರ ಕಾಯುತ್ತಾ ವರ್ಷಗಳನ್ನು ಕಳೆದರು. ಹಾಡುಗಾರ ಎಲ್ವಿಸ್ ಪ್ರೆಸ್ಲಿ ಕೂಡ 1958ರಿಂದ 1960ರವರೆಗೆ ಅಲ್ಲಿನ ಫ್ರೀಡ್‌ಬರ್ಗ್‌ನಲ್ಲಿ ಸಿಪಾಯಿಯಾಗಿದ್ದ. ಅವನ ಟ್ಯಾಂಕ್ ದಳದ ಹೆಸರು ಎಷ್ಟು ಜನರಿಗೆ ಗೊತ್ತು? ಮುಂದೆ ಮಡದಿಯಾದ ಪ್ರಿಸಿಲ್ಲಾಳನ್ನು ಅವನು ಕಂಡದ್ದು ಅಲ್ಲೇ ಎಂಬುದು ಎಲ್ಲರಿಗೂ ಗೊತ್ತು. ಯುದ್ಧ ಬರಲೆಂದು ಕಾಯುವ ಜಾಗದಲ್ಲಿ ಯುದ್ಧ ಬಾರದಿದ್ದರೆ, ಅಲ್ಲಿ ಬದುಕು ಬಂದು ತುಂಬಿಕೊಳ್ಳುತ್ತದೆ.

ಎರಡನೆಯ ಮನೆ ವಾಯುಪಡೆಯಲ್ಲಿದ್ದ ಹಿರಿಯರದು, ದಕ್ಷಿಣ ಕನ್ನಡದವರು. ಅವರು ತರಬೇತಿ ಪಡೆದದ್ದು ವಡೋದರದ ಮಕರಪುರ ಅರಮನೆಯಲ್ಲಿ. ಗಾಯಕ್‌ವಾಡರು 1870ರ ಸುಮಾರಿಗೆ ಇಟಲಿಯ ಶೈಲಿಯಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಅದು, ಈಗ ವಾಯುಪಡೆಯ ತರಬೇತಿ ಶಾಲೆ. “ಹೆಂಚಿನ ಮನೆಯಿಂದ ಬಂದವ ನಾನು. ಅರಮನೆಯ ವಿಳಾಸದಿಂದ ಅಮ್ಮನಿಗೆ ಕಾಗದ ಬರೆದೆ. ಅವರು ಅದನ್ನು ಇಡೀ ಊರಿಗೆ ಓದಿಸಿದ್ರು ಮಾರಾಯ್ರೆ,” ಎಂದು ನಕ್ಕರು.

ಮುಂದೆ ಅವರು ಭುಜ್ ವಾಯುನೆಲೆಗೆ ಹೋದರು. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ವಿಮಾನಗಳು ಬಾಂಬ್ ಹಾಕಿ ಒಡೆದಿದ್ದ ಓಡುದಾರಿ ಅಲ್ಲಿಯದು. ಸ್ಕ್ವಾಡ್ರನ್ ಲೀಡರ್ ವಿಜಯ್ ಕಾರ್ಣಿಕ್ ಅವರ ನೇತೃತ್ವದಲ್ಲಿ ಪಕ್ಕದ ಮಾಧಾಪರ್ ಹಳ್ಳಿಯ ಸುಮಾರು 300 ಹೆಂಗಸರು ಅದನ್ನು 72 ಗಂಟೆಗಳಲ್ಲಿ ದುರಸ್ತಿ ಮಾಡಿದರು. ವೈರಿಗೆ ಕಾಣದಿರಲೆಂದು ಸಗಣಿ ಸಾರಿಸಿದರು. ಸೈರನ್ ಕೂಗಿದರೆ ಪೊದೆಗಳಿಗೆ ಓಡುತ್ತಿದ್ದರು, ನಿಂತ ಕೂಡಲೇ ಮತ್ತೆ ಬರುತ್ತಿದ್ದರು. ನಮ್ಮ ಹಿರಿಯರು ಭುಜ್‌ಗೆ ಹೋದದ್ದು ಅದಾಗಿ ಎರಡು ವರ್ಷಕ್ಕೆ. ಆದರೂ ಆ ದಾರಿಯ ಮೇಲೆ ವಿಮಾನ ಓಡುವಾಗ ಆ ಹೆಂಗಸರ ನೆನಪಾಗುತ್ತಿತ್ತಂತೆ. “ಊರಲ್ಲಿ ಅಂಗಳಕ್ಕೆ ಸಗಣಿ ಸಾರಿಸುವುದನ್ನು ನೋಡಿ ಬೆಳೆದವ ನಾನು. ರನ್‌ವೇಗೂ ಸಾರಿಸಬಹುದು ಅಂತ ಯಾವ ಟ್ರೈನಿಂಗಲ್ಲೂ ಹೇಳಿರಲಿಲ್ಲ.”

ಮೂರನೆಯ ಮನೆ ಅಹಮದಾಬಾದಿನಲ್ಲಿ. ಅಲ್ಲಿನ ದಂಡು ಪ್ರದೇಶ ಶಾಹಿಬಾಗ್ ಕಡೆ ಇದೆ. ಊರಿನ ಜನರಿಗೆ ಅದರ ಒಳಗಿನ ಒಂದೇ ಜಾಗ ಗೊತ್ತು, ಕ್ಯಾಂಪ್ ಹನುಮಾನ್ ಗುಡಿ. ಶನಿವಾರ ಗುರುತಿನ ಚೀಟಿ ತೋರಿಸಿ ಜನ ಸಾಲುಗಟ್ಟಿ ಒಳಗೆ ಹೋಗುತ್ತಾರೆ, ದರ್ಶನ ಮಾಡಿ ಹೊರಗೆ ಬರುತ್ತಾರೆ. ಆಚೀಚೆ ಬೇಲಿಯೊಳಗೆ ಯಾರಿದ್ದಾರೆ ಎಂದು ಕೇಳುವವರು ಕಡಿಮೆ. ಪಾನನಿಷೇಧದ ರಾಜ್ಯವಾದ್ದರಿಂದ ಕ್ಯಾಂಟೀನ್ ಕೋಟಾದ ಬಗ್ಗೆ ವಿಚಾರಿಸುವ ನೆಂಟರು ಮಾತ್ರ ಇದ್ದೇ ಇರುತ್ತಾರೆ ಎಂದು ಹಾಸನದ ಕಡೆಯ ಸುಬೇದಾರ್ ಸಾಹೇಬರು ತಮಾಷೆ ಮಾಡಿದರು.

ಆಮೇಲೆ ಅವರು ಗಂಭೀರವಾದರು. 2001ರ ಜನವರಿ 26, ಗಣರಾಜ್ಯೋತ್ಸವದ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿತು. ಭುಜ್‌ನಿಂದ ಅಷ್ಟು ದೂರದ ಅಹಮದಾಬಾದಿನಲ್ಲೂ ಅಪಾರ್ಟ್‌ಮೆಂಟುಗಳು ಕುಸಿದವು. ಇಸ್ತ್ರಿ ಮಾಡಿದ ಪರೇಡ್ ಸಮವಸ್ತ್ರದಲ್ಲಿದ್ದ ಹುಡುಗರು ಹಾಗೆಯೇ ಲಾರಿ ಹತ್ತಿದರು. “ಯಾವ ಕಾಂಕ್ರೀಟಿನ ಕೆಳಗಿಂದ ಯಾವ ಭಾಷೆಯಲ್ಲಿ ಕೂಗ್ತಾರೆ ಅಂತ ಕಿವಿಗೊಟ್ಟು ಕೂತಿದ್ವಿ ಸರ್. ಗುಜರಾತಿ ನನಗೆ ಬರ್ತಿರಲಿಲ್ಲ. ನೋವಿನ ದನಿಗೆ ಭಾಷೆ ಬೇಕಾಗಲ್ಲ.”

ಮರುವರ್ಷ, 2002ರ ಮಾರ್ಚಿನಲ್ಲಿ, ಗಲಭೆ ತಡೆಯಲು ಇದೇ ಬೀದಿಗಳಿಗೆ ಸೇನೆ ಬಂತು. ಅದರ ಬಗ್ಗೆ ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. “ಬಾರ್ಡರಲ್ಲಿ ನಿಂತಾಗ ಬೆನ್ನ ಹಿಂದೆ ನಮ್ಮವರು, ಮುಂದೆ ಅವರು. ಇಲ್ಲಿ ನಿಂತಾಗ ಎರಡೂ ಕಡೆ ನಮ್ಮವರೇ ಸರ್. ಹಿಂದಿನ ವರ್ಷ ನಾವು ಎಳೆದು ಹೊರಗೆ ತೆಗೆದವರೂ ಆ ಜನರಲ್ಲಿ ಇದ್ದಿರಬಹುದು,” ಎಂದಷ್ಟೇ ಹೇಳಿ ಟೀ ಲೋಟ ಎತ್ತಿಟ್ಟರು. ಪೀಸ್ ಸ್ಟೇಷನ್ ಎಂಬ ಮಾತಿಗೆ ಇನ್ನೊಂದು ತೂಕವೂ ಇದೆ ಎಂದು ನನಗೆ ಹೊಳೆದದ್ದು ಆಗ.

ಆ ತೂಕ ಕಣ್ಣಿಗೆ ಕಾಣಬೇಕಾದರೆ ವಡೋದರಕ್ಕೆ ಮರಳಿ, ಇ.ಎಂ.ಇ. ಶಾಲೆಯ ದಕ್ಷಿಣಾಮೂರ್ತಿ ದೇವಾಲಯವನ್ನು ನೋಡಬೇಕು. 1966ರಲ್ಲಿ ಇದನ್ನು ಕಟ್ಟಿಸಿದವರು ಬ್ರಿಗೇಡಿಯರ್ ಎ.ಎಫ್. ಯೂಜೀನ್, ಕ್ರೈಸ್ತರು. ಕಲ್ಲು ಗಾರೆಯ ಗುಡಿಯಲ್ಲ ಇದು. ತ್ರಿಕೋನಗಳನ್ನು ಜೋಡಿಸಿ ಕಟ್ಟಿದ ಗುಮ್ಮಟ, ಮೇಲೆ ಅಲ್ಯೂಮಿನಿಯಂ ತಗಡಿನ ಹೊದಿಕೆ. ರಿಪೇರಿ ದಳದವರು ದೇವರಿಗೆ ಮನೆ ಕಟ್ಟಿದರೆ ಹೇಗಿರಬೇಕೋ ಹಾಗಿದೆ. ಕಳಶ ಹಿಂದೂಗಳದು, ಗುಮ್ಮಟ ಇಸ್ಲಾಮಿನದು, ಗೋಪುರ ಕ್ರೈಸ್ತರದು, ಅದರ ಮೇಲಿನ ಹೊಂಬಣ್ಣದ ರಚನೆ ಬೌದ್ಧರದು, ಪ್ರವೇಶದ್ವಾರ ಜೈನರದು. ಒಳಗಿರುವುದು ದಕ್ಷಿಣಕ್ಕೆ ಮುಖ ಮಾಡಿ ಮೌನವಾಗಿ ಪಾಠ ಹೇಳುವ ಶಿವ. ಶಾಲೆಗೆ ತಕ್ಕ ದೇವರು.

ಸೇನೆಯಲ್ಲಿ ಗುಡಿಗೆ ಹೋಗುವುದೂ ಡ್ಯೂಟಿಯೇ, ಅದಕ್ಕೆ ‘ಮಂದಿರ್ ಪರೇಡ್’ ಅನ್ನುತ್ತಾರೆ. ಪಕ್ಕದಲ್ಲಿ ನಿಂತವನ ಜಾತಿ, ಮತ ಕೇಳುವ ಪದ್ಧತಿ ಇಲ್ಲ. ಅಲ್ಲಿ ಸಾಲಿನಲ್ಲಿ ನಿಂತಾಗ ದಕ್ಷಿಣದ ಹುಡುಗರು ತಮ್ಮತಮ್ಮೊಳಗೆ ಒಂದು ಮಾತು ಆಡಿಕೊಳ್ಳುತ್ತಿದ್ದರು ಎಂದು ಕಾಕಾ ಹೇಳಿದರು: “ಈ ದೇವರೂ ನಮ್ಮಂಗ ಊರ ಕಡೆ ಮಾರಿ ಮಾಡಿ ಕುಂತಾನ, ರಜಾ ಸಿಕ್ಕಿಲ್ಲ ಪಾಪ.”

ಕಾಕಾ 42ನೇ ವಯಸ್ಸಿಗೆ ನಿವೃತ್ತರಾದರು. ಸಿಪಾಯಿಯ ನಿವೃತ್ತಿ ಬೇಗ, ಆಮೇಲೆ ಇನ್ನೊಂದು ಬದುಕು ಹುಡುಕಬೇಕು. ಊರಿನಲ್ಲಿ ಹೊಲವನ್ನು ತಮ್ಮಂದಿರು ಉಳುತ್ತಿದ್ದರು, ಅವರ ನಡುವೆ ಹೋಗಿ ಪಾಲು ಕೇಳಲು ಮನಸ್ಸಾಗಲಿಲ್ಲ. ವಡೋದರಕ್ಕೇ ಬಂದು ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಹದಿನೆಂಟು ವರ್ಷ ನಿಂತರು. ಮಕ್ಕಳು ಕೇಂದ್ರೀಯ ವಿದ್ಯಾಲಯದಲ್ಲಿ ಓದಿದರು. ಮೊಮ್ಮಕ್ಕಳು ಗುಜರಾತಿಯಲ್ಲಿ ಜಗಳವಾಡುತ್ತಾರೆ.

“ಹಾಗಾದರೆ ನಿಮ್ಮ ಊರು ಯಾವುದು ಕಾಕೂ?” ಎಂದು ಕೇಳಿದೆ.

“ಅತ್ತಿ ಮನಿ ಐತಿ ಊರಾಗ, ಹೋದ್ರ ಯಾರೂ ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಮನಿ ಅಂತ ಇದ್ದಿದ್ದು ಆ ಕ್ವಾರ್ಟರ್ಸ್,” ಎಂದರು. ಆ ಹಳೆಯ ಕ್ವಾರ್ಟರ್ಸನ್ನು ಕೆಡವಿ ಹೊಸದು ಕಟ್ಟಿದ್ದಾರೆ. ಇದ್ದಿದ್ದರೂ ಒಳಗೆ ಬಿಡುತ್ತಿರಲಿಲ್ಲ. ಕಾಕಾ ಬಳಿ ಮಾಜಿ ಸೈನಿಕರ ಕಾರ್ಡ್ ಇದೆ. ಅದರಿಂದ ಕ್ಯಾಂಟೀನಿಗೆ ಹೋಗಬಹುದು, ಆಸ್ಪತ್ರೆಗೆ ಹೋಗಬಹುದು. ತಾನು ಸಂಸಾರ ಮಾಡಿದ ಓಣಿಯಲ್ಲಿ ಸುಮ್ಮನೆ ನಡೆದು ಬರುತ್ತೇನೆ ಎಂದರೆ ಗೇಟಿನ ಹುಡುಗ ಒಪ್ಪುವುದಿಲ್ಲ, ಒಪ್ಪಲೂಬಾರದು. “ನಾ ಗೇಟಿನ್ಯಾಗ ಇದ್ದಾಗ ನಾನೂ ಬಿಡ್ತಿರಲಿಲ್ಲ,” ಎಂದರು ಕಾಕಾ.

ನಾವು ವಲಸಿಗರು ಬಿಟ್ಟುಬಂದ ಊರಿಗೆ ವರ್ಷಕ್ಕೊಮ್ಮೆಯಾದರೂ ಹೋಗಿ ಹಳೆಯ ಮನೆಯ ಕಟ್ಟೆ ಮುಟ್ಟಿ ಬರುತ್ತೇವೆ. ಇವರ ಒಳ್ಳೆಯ ದಿನಗಳು ಕಾವಲಿನ ಆಚೆ ಉಳಿದುಬಿಟ್ಟಿವೆ. ಎಲ್ಲರಿಗೂ ತೆರೆದಿರುವುದು ಆ ಗುಡಿಯೊಂದೇ. ಕಾಕೂ ಸೋಮವಾರ ತಪ್ಪದೆ ಅಲ್ಲಿಗೆ ಹೋಗುತ್ತಾರೆ. ಪ್ರದಕ್ಷಿಣೆ ಮುಗಿಸಿ ಒಂದು ಮರದ ಕೆಳಗೆ ಕೂರುತ್ತಾರೆ. ಅಲ್ಲಿಂದ ಪರೇಡಿನ ಸದ್ದು ಕೇಳಿಸುತ್ತದಂತೆ.

ವಡೋದರಕ್ಕೆ ಬಂದವರು ಲಕ್ಷ್ಮೀವಿಲಾಸ ಅರಮನೆ ನೋಡಿಯೇ ನೋಡುತ್ತೀರಿ. ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಂಡು ಆ ಅಲ್ಯೂಮಿನಿಯಂ ಗುಡಿಗೂ ಹೋಗಿ ಬನ್ನಿ. ಇನ್ನೊಂದು ಮಾತು. ನಿಮ್ಮ ಸೊಸೈಟಿಯ ಗೇಟಿನಲ್ಲೋ, ಬ್ಯಾಂಕಿನ ಬಾಗಿಲಲ್ಲೋ ಬೆನ್ನು ನೆಟ್ಟಗಿಟ್ಟು ನಿಂತ ಹಿರಿಯರು ಕಂಡರೆ ನಿಂತು ಯಾವ ಊರು ಅಂತ ವಿಚಾರಿಸಿ. ಕನ್ನಡದಲ್ಲೇ ಉತ್ತರ ಬಂದೀತು. ಬಂದರೆ ಅವಸರ ಮಾಡಬೇಡಿ. ಅವರು ಎರಡು ಊರಿನ ಹೆಸರು ಹೇಳುವವರೆಗೆ ಕಾಯಿರಿ.