ಕೆಟಲಿನ ಹಬೆಯಲ್ಲಿ ಬಿಚ್ಚಿದ ಹಾಳೆ

ಶಾಲು ಹೊದ್ದುಕೊಳ್ಳಿ. ಇದು 1892ರ ಫೆಬ್ರವರಿ. ಮರಳುಗಾಡೆಂದರೆ ಸೆಕೆಯೇ ಇದ್ದೀತು ಎಂದು ಬಂದವರಿಗೆ ಸಿನಾಯ್ ಬೆಟ್ಟದ ಬುಡದ ಈ ಚಳಿಯೇ ಮೊದಲ ಪಾಠ. ಸುತ್ತ ಬೋಳು ಬಂಡೆ, ನಡುವೆ ಕೋಟೆಯಂಥ ಸಂತ ಕ್ಯಾಥರೀನರ ಮಠ. ಆರನೆಯ ಶತಮಾನದ ಗೋಡೆ ದಾಟಿ ಒಳಗೆ ಬಂದರೆ, ನಲವತ್ತೊಂಬತ್ತು ವರ್ಷದ ಸ್ಕಾಟ್ಲೆಂಡಿನ ಹೆಂಗಸೊಬ್ಬರು ಒಂದು ಕೊಳಕು ಪುಸ್ತಕದ ಮುಂದೆ ಕೂತಿದ್ದಾರೆ. ಆಗ್ನೆಸ್ ಸ್ಮಿತ್ ಲೂಯಿಸ್. ಪಕ್ಕದಲ್ಲಿ ಅವಳಿ ಸೋದರಿ ಮಾರ್ಗರೆಟ್ ಗಿಬ್ಸನ್. ಇಬ್ಬರೂ ವಿಧವೆಯರು, ಆಗ್ನೆಸರ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಆ ದುಃಖದಲ್ಲಿ ಅವರು ಮಾಡಿದ ಕೆಲಸ, ಸಿರಿಯಾಕ್ ಎಂಬ ಪ್ರಾಚೀನ ಭಾಷೆ ಕಲಿತದ್ದು!

ತಾಯಿಯಿಲ್ಲದೆ ಬೆಳೆದ ಈ ಮಕ್ಕಳಿಗೆ ಅಪ್ಪ ಒಂದು ಮಾತು ಕೊಟ್ಟಿದ್ದನಂತೆ: ಯಾವ ಭಾಷೆ ಕಲಿತರೆ ಆ ದೇಶ ತೋರಿಸುತ್ತೇನೆ ಎಂದು. ಅಪ್ಪ ಹೋದಮೇಲೂ ಆ ಒಪ್ಪಂದ ಮುರಿದಿಲ್ಲ. ಅವನು ಬಿಟ್ಟುಹೋದ ದೊಡ್ಡ ಆಸ್ತಿ ಟಿಕೆಟ್ಟಾಗುತ್ತಿದೆ, ಒಂಟೆ ಬಾಡಿಗೆಯಾಗುತ್ತಿದೆ.

ಗ್ರಂಥಪಾಲಕ ಗಲಾಕ್ಟಿಯೋನ್ ಜೊತೆ ಅವರು ಮಾತಾಡುವುದು ಗ್ರೀಕಿನಲ್ಲಿ, ಪಂಡಿತರ ಹಳೆಯ ಗ್ರೀಕಿನಲ್ಲಲ್ಲ, ಬಾಯಿಮಾತಿನ ಗ್ರೀಕಿನಲ್ಲಿ. ಕೀಲಿಕೈ ಇರುವುದೇ ಇಲ್ಲಿ. 1859ರಲ್ಲಿ ಟಿಶೆನ್‌ಡಾರ್ಫ್ ಎಂಬ ಜರ್ಮನ್ ವಿದ್ವಾಂಸ ಇದೇ ಮಠದ ಅತ್ಯಮೂಲ್ಯ ಬೈಬಲ್ ಪ್ರತಿಯನ್ನು ಒಯ್ದಮೇಲೆ, ಯುರೋಪಿನ ವಿದ್ವಾಂಸರೆಂದರೆ ಸನ್ಯಾಸಿಗಳಿಗೆ ಅನುಮಾನ. ಈ ಹೆಂಗಸರಿಗೆ ಮಾತ್ರ ಕಪಾಟು ತೆರೆಯುತ್ತದೆ.

ಈಗ ಪುಸ್ತಕದ ಹತ್ತಿರ ಬನ್ನಿ. ತೊಗಲಿನ ಹಾಳೆಗೆ ಹಾಳೆ ಅಂಟಿ ಹಲಗೆಯಾಗಿದೆ. ಎಳೆದರೆ ತೊಗಲು ಕಿತ್ತುಬರುತ್ತದೆ. ಆಗ್ನೆಸ್ ಕೆಟಲಿನಲ್ಲಿ ನೀರು ಕಾಯಿಸಿ, ಅದರ ಹಬೆಗೆ ಅಂಚು ಹಿಡಿದು, ಒಂದೊಂದೇ ಹಾಳೆ ಬಿಡಿಸುತ್ತಾರೆ. ಮೇಲೆ ಕಪ್ಪು ಶಾಯಿಯಲ್ಲಿ ಪುಣ್ಯಸ್ತ್ರೀಯರ ಚರಿತ್ರೆ. ಅದರಡಿ, ಕೆರೆದರೂ ಪೂರ್ತಿ ಹೋಗದ ಕೆಂಗಂದು ಗೆರೆಗಳು, ಎರಡು ಕಂಬ ಸಾಲಿನಲ್ಲಿ. ನಮ್ಮ ಅಂಗಡಿಯವರು ಕಡತ ಅಳಿಸಿ ಹೊಸ ಲೆಕ್ಕ ಬರೆಯುತ್ತಿದ್ದರಲ್ಲ, ಹಾಗೆ. ಇಲ್ಲಿ ಅಳಿಸಿದ್ದು ಲೆಕ್ಕವನ್ನಲ್ಲ. ಪುಟದ ನೆತ್ತಿಯಲ್ಲಿ ಆಗ್ನೆಸ್ ಕಣ್ಣು ಕಿರಿದು ಮಾಡಿ ಓದುತ್ತಾರೆ: ಮತ್ತಾಯ. ಇನ್ನೊಂದರಲ್ಲಿ: ಲೂಕ.

ಸುವಾರ್ತೆ, ಬೈಬಲಿನ ಯೇಸುಕಥೆ! ಎಷ್ಟು ಹಳೆಯದು ಎಂಬುದು ಇನ್ನೂ ಖಚಿತವಿಲ್ಲ. ಕ್ಯಾಮೆರಾ ಹೊರಬರುತ್ತದೆ, ಪುಟ ಪುಟವನ್ನೂ ಹಿಡಿಯುತ್ತದೆ. ಸೋದರಿಯರು ತಮ್ಮ ಊರು ಕೇಂಬ್ರಿಜ್‌ಗೆ ಮರಳಿದಮೇಲೆ ಅಲ್ಲಿನ ವಿದ್ವಾಂಸರಾದ ಬರ್ಕಿಟ್ ಮತ್ತು ಬೆನ್ಸ್ಲಿ ಆ ಫೋಟೋಗಳನ್ನು ನೋಡಿ ಗುರುತು ಹಿಡಿಯುತ್ತಾರೆ: ಸಿರಿಯಾಕ್ ಸುವಾರ್ತೆಗಳ ಅತಿ ಪ್ರಾಚೀನ ಪಾಠ, ನಾಲ್ಕನೆಯ ಶತಮಾನದ ಕೊನೆಯ ಸುಮಾರಿನ ಪ್ರತಿ. ಇದರ ಮಾರ್ಕ ಸುವಾರ್ತೆ ಮುಗಿಯುವುದು ಹದಿನಾರನೆಯ ಅಧ್ಯಾಯದ ಎಂಟನೆಯ ವಚನಕ್ಕೆ. ಬರಿದಾದ ಸಮಾಧಿ ಕಂಡ ಹೆಂಗಸರು ಹೆದರಿ ಓಡುತ್ತಾರೆ, ಅಷ್ಟೇ. ನಾವು ಈಗ ಓದುವ ಮುಂದಿನ ವಚನಗಳು ಅಲ್ಲಿಲ್ಲ.

1893ರಲ್ಲಿ ಮತ್ತೆ ಸಿನಾಯ್. ಈ ಸಲ ಮೂವರು ಗಂಡಸು ವಿದ್ವಾಂಸರು ಜೊತೆಗಿದ್ದಾರೆ. ಮಾಸಿದ ಅಕ್ಷರ ಎಬ್ಬಿಸಲು ಆಗ್ನೆಸ್ ಸವರುವ ರಾಸಾಯನಿಕದ ದುರ್ವಾಸನೆಗೆ ಮೂಗು ಮುಚ್ಚಿಕೊಳ್ಳಿ. ಮರುವರ್ಷ ಅಚ್ಚಾದ ಪುಸ್ತಕದ ಮುಖಪುಟದಲ್ಲಿ ಪಾಠ ಓದಿದವರು ಆ ಮೂವರು, ಆಗ್ನೆಸರದು ಮುನ್ನುಡಿ. ಬಿಟ್ಟುಹೋದ ಭಾಗ ಓದಲು ಅವರು 1895ರಲ್ಲಿ ಮತ್ತೊಮ್ಮೆ ಅಲ್ಲಿಗೇ ಹೋದರು. (ನನಗೆ ಈ ಹಟವೇ ಎಲ್ಲಕ್ಕಿಂತ ಇಷ್ಟ.) 1896ರಲ್ಲಿ ಸೋದರಿಯರು ಪೂರ್ವದಿಂದ ಕೊಂಡುತಂದ ತುಂಡು ಹಾಳೆಯೊಂದರಲ್ಲಿ ಕೇಂಬ್ರಿಜ್‌ನ ಹೀಬ್ರೂ ವಿದ್ವಾಂಸ ಸಾಲಮನ್ ಶೆಕ್ಟರ್ ಬೆನ್ ಸಿರಾ ಎಂಬ ಪ್ರಾಚೀನ ಯೆಹೂದಿ ಜ್ಞಾನಿಯ ಗ್ರಂಥದ ಹೀಬ್ರೂ ಮೂಲವನ್ನು ಗುರುತಿಸಿದರು, ಆ ಜಾಡು ಶೆಕ್ಟರರನ್ನು ಕೈರೋದ ಗೆನೀಜಾಕ್ಕೆ, ಯೆಹೂದಿಗಳು ಹಳೆಯ ಬರಹಗಳನ್ನು ಕೂಡಿಟ್ಟ ಕೋಣೆಗೆ, ಒಯ್ದಿತು.

ಕೊನೆಗೊಮ್ಮೆ ಕೇಂಬ್ರಿಜ್‌ನ ಬೀದಿಗೆ ಬನ್ನಿ. 1897ರ ಮೇ 21. ಹೆಂಗಸರಿಗೆ ಪದವಿ ಕೊಡಬೇಕೇ ಎಂದು ವಿಶ್ವವಿದ್ಯಾಲಯ ಮತ ಹಾಕುತ್ತಿದೆ. ಸೆನೆಟ್ ಭವನದ ಎದುರು, ಸೈಕಲ್ ಏರಿದ ಹೆಂಗಸಿನ ಬೊಂಬೆಯನ್ನು ಹುಡುಗರು ನೇತುಹಾಕಿದ್ದಾರೆ. ಬೇಡವೆಂದವರ ಗೆಲುವು, ಗದ್ದಲ. ಆಗ್ನೆಸರಿಗೆ ಮುಂದೆ ಗೌರವ ಡಾಕ್ಟರೇಟ್ ಕೊಡುವುದು ಕೇಂಬ್ರಿಜ್ ಅಲ್ಲ, ಹಾಲೆ, ಸೇಂಟ್ ಆಂಡ್ರೂಸ್, ಹೈಡೆಲ್ಬರ್ಗ್, ಡಬ್ಲಿನ್.

ನಾಲ್ಕು ದಿನ ಕಳೆದು, ಅದೇ ಊರಿನಲ್ಲಿ, ಸೋದರಿಯರು ತಾವೇ ನೆಲ ಕೊಟ್ಟ ವೆಸ್ಟ್‌ಮಿನ್‌ಸ್ಟರ್ ಕಾಲೇಜಿನ ಅಡಿಗಲ್ಲಿನ ಮುಂದೆ ನಿಂತಿದ್ದಾರೆ. ಓದಲು ಬರುವವರು ಪಾದ್ರಿಗಳಾಗುವ ಹುಡುಗರು. ಕಲ್ಲು ನಿಧಾನವಾಗಿ ಇಳಿಯುತ್ತದೆ.