ತಟ್ಟೆಯಲ್ಲಿ ಎದ್ದು ನಿಂತ ಬಿಳಿ

ಹೊಸದಾಗಿ ಇಡಲು ಶುರುಮಾಡಿದ ಹೇಂಟೆಯ ತತ್ತಿಯನ್ನು ಸಪಾಟು ತಟ್ಟೆಗೆ ಒಡೆದು ನೋಡಬೇಕು. ಕೋಳಿ ಸಾಕಿದವರಿಗೆ ಅದಕ್ಕಿಂತ ದೊಡ್ಡ ಸುಖ ಇನ್ನೊಂದಿಲ್ಲ. ಈ ವಾರ ನಮ್ಮ ಹಿತ್ತಲಿನ ಕರಿ ಹೇಂಟೆ ಆ ಸುಖ ಕೊಟ್ಟಿತು. ತತ್ತಿ ಸಣ್ಣದು, ಚಿಪ್ಪು ಗಟ್ಟಿ. ಹಳದಿ ಗುಂಡಗೆ ನಿಂತಿತು, ಅದರ ಸುತ್ತ ಗಟ್ಟಿ ಬಿಳಿ ದಿಣ್ಣೆಯಂತೆ ಎದ್ದು ನಿಂತಿತು, ನೀರುನೀರಾದ ಬಿಳಿ ಅಂಚಿಗೆ ಒಂದಿಷ್ಟೇ. ಈ ಬಿಳಿಯ ಎತ್ತರವನ್ನು ತತ್ತಿಯ ತೂಕಕ್ಕೆ ಹೊಂದಿಸಿ ಅಳೆಯುವ ಲೆಕ್ಕವನ್ನು ಅಮೆರಿಕದ ರೇಮಂಡ್ ಹಾ 1937ರಲ್ಲಿ ಕೊಟ್ಟ. ಕೋಳಿ ವಿಜ್ಞಾನದಲ್ಲಿ ಇಂದಿಗೂ ‘ಹಾ ಯೂನಿಟ್’ ಎಂದರೆ ಅದೇ. ನನಗೆ ಅಳತೆಗೋಲು ಬೇಕಿಲ್ಲ, ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಸಾಕು.

ಆದರೆ ಮನೆಗೆ ಬಂದವರು ಯಾರೂ ಬಿಳಿ ನೋಡುವುದಿಲ್ಲ. ಎಲ್ಲರ ಕಣ್ಣೂ ಹಳದಿಯ ಮೇಲೆ. ದೇವದುರ್ಗದಿಂದ ಬಂದ ನೆಂಟರೊಬ್ಬರು ತಟ್ಟೆ ನೋಡಿ, “ಇದು ಜವಾರಿ ಅಲ್ಲ ಬಿಡ್ರಿ, ಹಳದಿ ಭಾಳ ಪೇಲವ ಐತಿ” ಅಂದರು. ನಮ್ಮದು ಬಿಳಿಜೋಳದ ಸೀಮೆ. ಜೋಳದಲ್ಲಿ ಹಳದಿಗೆ ಬಣ್ಣ ಕೊಡುವ ಅಂಶವೇ ತೀರ ಕಡಿಮೆ. ಜೋಳ ತಿಂದ ಕೋಳಿಯ ಹಳದಿ ತಿಳಿಯಾಗಿರುತ್ತದೆ, ಮೆಕ್ಕೆಜೋಳ ತಿಂದದ್ದರ ಹಳದಿ ಕಡುವಾಗುತ್ತದೆ, ಮಳೆಗಾಲದ ಹಸಿ ಹುಲ್ಲು, ಸೊಪ್ಪು ತಿಂದದ್ದು ಇನ್ನೂ ಕಡು. ಆಹಾರಕ್ಕೆ ಚೆಂಡುಹೂವಿನ ಎಸಳಿನ ಪುಡಿ ಬೆರೆಸಿದರೆ ಪಂಜರದಲ್ಲಿ ಕೂತ ಲೇಯರ್ ಕೋಳಿಯೂ ಕೇಸರಿ ಹಳದಿ ಇಡುತ್ತದೆ. ತತ್ತಿ ಎಷ್ಟು ತಾಜಾ, ಕೋಳಿ ಎಂಥದ್ದು ಎಂಬುದನ್ನು ಆ ಬಣ್ಣ ಹೇಳುವುದಿಲ್ಲ.

ಚಿಪ್ಪಿನ ಬಣ್ಣದ ಮಾತು ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅದು ತಳಿಯ ಗುಣ. ಫಾರಮ್ಮಿನ ಕಂದು ಹೈಬ್ರಿಡ್ ಕೋಳಿ ಪಂಜರದೊಳಗೇ ಕಂದು ತತ್ತಿ ಇಡುತ್ತದೆ. ರಾಯಚೂರಿನ ಸಂತೆಯಲ್ಲಿ ಅದನ್ನೇ ಬುಟ್ಟಿಯಲ್ಲಿ ಹುಲ್ಲು ಹಾಸಿ ಇಟ್ಟು, “ಜವಾರಿ ಅದಾವ್ರಿ ಅಣ್ಣಾ, ಬಣ್ಣ ನೋಡ್ರಿ” ಎಂದು ಹೆಚ್ಚಿನ ಬೆಲೆಗೆ ಮಾರುತ್ತಾರೆ. ಬಿಳಿ ತತ್ತಿಗೆ ಚಹಾದ ಡಿಕಾಕ್ಷನ್ ಬಳಿಯುವವರೂ ಇದ್ದಾರೆ. ಕೊಳ್ಳುವವರಿಗೆ ಮೋಸ ಅನ್ನುವುದು ಒಂದಾದರೆ, ವರ್ಷಕ್ಕೆ ಅರವತ್ತೋ ಎಂಬತ್ತೋ ತತ್ತಿ ಇಡುವ ನಿಜವಾದ ಜವಾರಿ ಕೋಳಿಯನ್ನು ನಂಬಿಕೊಂಡ ಹೆಣ್ಣುಮಕ್ಕಳಿಗೆ ಅದು ಹೊಟ್ಟೆಯ ಮೇಲಿನ ಹೊಡೆತ.

ಕೇಳಬೇಕಾದದ್ದು ಕೋಳಿಯ ವಯಸ್ಸು. ಕೋಳಿಗೆ ವಯಸ್ಸಾದಂತೆ ತತ್ತಿ ದೊಡ್ಡದಾಗುತ್ತದೆ, ಆದರೆ ಚಿಪ್ಪಿಗೆ ಹಾಕುವ ಸುಣ್ಣ ಅದೇ ಅಳತೆಯಲ್ಲಿ ಹೆಚ್ಚುವುದಿಲ್ಲ. ಹಾಗಾಗಿ ದೊಡ್ಡ ತತ್ತಿಗೆ ತೆಳು ಚಿಪ್ಪು. ಬಿಳಿಯೂ ಸಡಿಲಾಗಿ ತಟ್ಟೆಯ ತುಂಬ ಹರಡುತ್ತದೆ. ಕಂದು ತತ್ತಿಯ ಬಣ್ಣ ಮಾಸುತ್ತ ಬರುತ್ತದೆ. ಸಂತೆಯಲ್ಲಿ ದಪ್ಪ ತತ್ತಿ ಆರಿಸಿ ಒಯ್ಯುವವರು ಮುದಿ ಕೋಳಿಯದ್ದನ್ನು ಆರಿಸಿ ಒಯ್ಯುತ್ತಿರುತ್ತಾರೆ. ಕೋಳಿ ಗರಿ ಉದುರಿಸಿ, ಇಡುವುದನ್ನು ಕೆಲ ವಾರ ನಿಲ್ಲಿಸಿ, ಹೊಸ ಗರಿ ತಂದುಕೊಂಡ ಮೇಲೆ ಚಿಪ್ಪು ಮತ್ತೆ ಗಟ್ಟಿಯಾಗುತ್ತದೆ, ಬಿಳಿಯೂ ಎದ್ದು ನಿಲ್ಲುತ್ತದೆ. ಗರಿ ಉದುರುವಾಗ ಬೋಳಾದ ಕೋಳಿಯನ್ನು ರೋಗ ಬಂತೆಂದು ಕೊಯ್ದುಬಿಡುವವರನ್ನು ಕಂಡರೆ ನನಗೆ ಸಂಕಟ.

ಚಿಪ್ಪಿನ ವಿಷಯದಲ್ಲಿ ನನ್ನದೊಂದು ಉಪಾಯವಿದೆ, ಕೇಳಿದವರಿಗೆಲ್ಲ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಒಂದು ತತ್ತಿ ತಯಾರಾಗಲು ಇಪ್ಪತ್ತೈದು ತಾಸಿನಷ್ಟು ಹಿಡಿಯುತ್ತದೆ, ಅದರಲ್ಲಿ ಇಪ್ಪತ್ತು ತಾಸು ಚಿಪ್ಪಿಗೇ ಹೋಗುತ್ತದೆ. ಆ ಕೆಲಸದ ಬಹುಪಾಲು ರಾತ್ರಿ, ಕೋಳಿ ಗೂಡಿನಲ್ಲಿ ಕೂತಿರುವಾಗ. ಬೆಳಿಗ್ಗೆ ಹಾಕಿದ ನುಣ್ಣನೆಯ ಸುಣ್ಣಕಲ್ಲಿನ ಪುಡಿ ಆ ಹೊತ್ತಿಗೆ ಕರಗಿ ಹೋಗಿರುತ್ತದೆ, ಕೋಳಿ ತನ್ನ ಎಲುಬಿನಿಂದ ಸುಣ್ಣ ತೆಗೆಯಬೇಕಾಗುತ್ತದೆ. ಅದಕ್ಕೇ ಸುಣ್ಣ ಸಂಜೆ ಹಾಕಬೇಕು, ಪುಡಿಯಾಗಿ ಅಲ್ಲ, ಹರಳಾಗಿ. ಹರಳು ಜಠರದಲ್ಲಿ ಉಳಿದು ರಾತ್ರಿಯಿಡೀ ನಿಧಾನಕ್ಕೆ ಕರಗುತ್ತದೆ. ಒಡೆದ ತತ್ತಿಯ ಚಿಪ್ಪನ್ನು ಹಂಚಿನ ಮೇಲೆ ಚೆನ್ನಾಗಿ ಹುರಿದು ದಪ್ಪದಪ್ಪ ಕುಟ್ಟಿ ಹಾಕಿದರೂ ನಡೆಯುತ್ತದೆ.

ನಮ್ಮ ಬೇಸಿಗೆಗೆ ಈ ಉಪಾಯವೂ ಸಾಲದು. ನಲವತ್ತು ಡಿಗ್ರಿ ದಾಟಿದಾಗ, ಬೆವರಲು ಬಾರದ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಟುಹೋಗುತ್ತದೆ. ಸುಣ್ಣ ಎಷ್ಟಿದ್ದರೂ ಅದನ್ನು ಚಿಪ್ಪಾಗಿಸಲು ಬೇಕಾದ ಇನ್ನೊಂದು ಸರಕು ರಕ್ತದಲ್ಲಿ ಕಡಿಮೆ ಬೀಳುತ್ತದೆ. ಆಗ ನೆರಳು, ಮಣ್ಣಿನ ಗಡಿಗೆಯ ತಣ್ಣೀರು, ಮಾಡಿಗೆ ತೂಗುಬಿಟ್ಟ ಒದ್ದೆ ಗೋಣಿಚೀಲ ಇವೇ ಮದ್ದು. ಕಾಳು ನಸುಕಿನಲ್ಲಿ ಒಮ್ಮೆ, ಹೊತ್ತು ಇಳಿದ ಮೇಲೆ ಒಮ್ಮೆ.

ಬಯಲಲ್ಲಿ ಬಿಟ್ಟ ಕೋಳಿಯ ತತ್ತಿಯೇ ಶ್ರೇಷ್ಠ ಎಂದು ಮಾನ್ವಿಯ ಗೆಳೆಯರು ವಾದಿಸುತ್ತಾರೆ. ಅವರ ಜೊತೆ ನನ್ನ ಜಗಳ ಮುಗಿಯುವುದೇ ಇಲ್ಲ. ಪಂಜರ ನನಗೂ ಬೇಡ. ರೆಕ್ಕೆ ಬಿಚ್ಚಲಾಗದೆ, ಮಣ್ಣು ಕೆದರಲಾಗದೆ, ಧೂಳಿನಲ್ಲಿ ಹೊರಳಲಾಗದೆ ಕೂತ ಕೋಳಿಯ ಎಲುಬು ಸವೆಯುತ್ತದೆ. ಬರೀ ತಂತಿಯ ಪಂಜರವನ್ನು ಯುರೋಪಿನ ಒಕ್ಕೂಟ 2012ರಿಂದ ನಿಷೇಧಿಸಿದ್ದು ಸರಿಯಾಗಿದೆ. ಆದರೆ ಪಂಜರದ ತತ್ತಿ ಇಟ್ಟ ಕೂಡಲೇ ಇಳಿಜಾರಿನಲ್ಲಿ ಉರುಳಿ ಶುಚಿಯಾಗಿ ಹೊರಗೆ ಬರುತ್ತದೆ. ಬಿಳಿಯ ಎತ್ತರ ತೀರ್ಮಾನವಾಗುವುದು ಹೆಚ್ಚಾಗಿ ಕೋಳಿಯ ವಯಸ್ಸು, ತಳಿ, ತತ್ತಿ ಇಟ್ಟು ಕಳೆದ ದಿನಗಳು ಮತ್ತು ಬಿಸಿಲಿನಿಂದ. ಇವುಗಳ ಮುಂದೆ ಬಯಲೋ ಪಂಜರವೋ ಎಂಬುದರ ಪಾಲು ಸಣ್ಣದು. ಜಾಲಿ ಪೊದೆಯ ಬುಡದಲ್ಲಿ ಬಚ್ಚಿಟ್ಟು ಮೂರು ದಿನದ ಮೇಲೆ ಸಿಕ್ಕ ಬಯಲು ಕೋಳಿಯ ತತ್ತಿ, ನಿನ್ನೆಯ ಫಾರಂ ತತ್ತಿಗಿಂತ ಕೀಳು. ಜೊತೆಗೆ ಹುಂಜ ಇದ್ದರಂತೂ ಮುಗಿಯಿತು. ಕಾವಿಗೆ ಬೇಕಾದ ಶಾಖ ಮೂವತ್ತೇಳೂವರೆ ಡಿಗ್ರಿ. ಮೇ ತಿಂಗಳ ನಮ್ಮ ಗಾಳಿ ಅದಕ್ಕಿಂತ ಬಿಸಿ. ಹೇಂಟೆ ಕೂರದಿದ್ದರೂ ಒಳಗೆ ಪಿಳ್ಳೆ ಬೆಳೆಯಲು ಶುರುವಾಗಿ ರಕ್ತದ ಎಳೆ ಕಾಣುತ್ತದೆ. ಹಗಲು ಬಯಲಿಗೆ ಬಿಡಿ, ಆದರೆ ಇಡುವುದಕ್ಕೆ ಕತ್ತಲ ಮೂಲೆಯಲ್ಲಿ ಪೆಟ್ಟಿಗೆ ಕೊಡಿ, ಮಾನ್ವಿಯ ಗಿರಣಿಗಳಲ್ಲಿ ರಾಶಿ ಬಿದ್ದ ಭತ್ತದ ಹೊಟ್ಟನ್ನು ಒಳಗೆ ಹಾಸಿ, ಬೆಳಗಿನ ಹೊತ್ತಿಗೇ ತತ್ತಿ ಎತ್ತಿಡಿ. ಇಷ್ಟನ್ನು ಮಾಡದೆ ಬಯಲಿನ ಹೆಸರು ಹೇಳಬಾರದು.

ತಾಜಾತನಕ್ಕೂ ಒಂದು ತೊಡಕಿದೆ. 2021ರ ಡಿಸೆಂಬರಿನಿಂದ ನಮ್ಮ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ತತ್ತಿ ಕೊಡುತ್ತಿದ್ದಾರೆ. ಅಲ್ಲಿ ಅಡುಗೆ ಮಾಡುವ ಅಕ್ಕನೊಬ್ಬರಿಗೆ ಒಮ್ಮೆ ಅವತ್ತೇ ಬೆಳಿಗ್ಗೆ ಇಟ್ಟ ತತ್ತಿ ಕೊಟ್ಟಿದ್ದೆ. “ನಿಮ್ಮವು ಸುಲಿಯಾಕ ಬರವಲ್ಲವು ಸರ, ಬಿಳೀದೆಲ್ಲ ಸಿಪ್ಪಿಗೇ ಹತ್ತಿಕೊಂಡು ಬರ್ತದ” ಅಂದರು. ಅವರು ಹೇಳಿದ್ದು ನಿಜ. ತಾಜಾ ತತ್ತಿಯ ಬಿಳಿ ಒಳಪೊರೆಗೆ ಅಂಟಿರುತ್ತದೆ. ದಿನ ಕಳೆದಂತೆ ಚಿಪ್ಪಿನ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಬಿಳಿಯ ಕ್ಷಾರಗುಣ ಏರುತ್ತದೆ, ಆಗ ಸಲೀಸಾಗಿ ಬಿಡುತ್ತದೆ. ಈಗ ಪ್ರತಿ ತತ್ತಿಯ ಮೇಲೂ ಪೆನ್ಸಿಲಿನಲ್ಲಿ ದಿನಾಂಕ ಬರೆದು, ಚೂಪು ತುದಿ ಕೆಳಗಾಗಿ ಇಡುತ್ತೇನೆ. ಬೇಯಿಸುವವರಿಗೆ ನಾಲ್ಕೈದು ದಿನ ಹಿಂದಿನವು, ಆಮ್ಲೆಟ್ಟಿಗೆ ಕೇಳಿದವರಿಗೆ ಇವತ್ತಿನವು.